ಕೈ ಕಾಣದ ಕೈಕೆಲಸ

ಗಡಿಯಾರದ ಚರಿತ್ರೆ ಓದುವಾಗ ನನಗೆ ಮೊದಲು ಅಚ್ಚರಿಯಾದದ್ದು ಒಂದು ಸಂಗತಿ. ಹಿಂದಿನ ಕಾಲದಲ್ಲಿ ಬೆಲೆಬಾಳುವ ಗಡಿಯಾರವೊಂದನ್ನು ಯಾರೂ ಒಬ್ಬರೇ ಮಾಡುತ್ತಿರಲಿಲ್ಲ. ಹಲ್ಲುಚಕ್ರ ಕೊರೆಯುವವನು ಒಬ್ಬ, ಸ್ಪ್ರಿಂಗ್ ಮಾಡುವವನು ಇನ್ನೊಬ್ಬ, ಮುಖದ ತಟ್ಟೆಗೆ ಗೆರೆ ಹಾಕುವವನು ಮತ್ತೊಬ್ಬ, ಚಿನ್ನದ ಕವಚ ಮಾಡುವವನು ಮಗದೊಬ್ಬ. ಮೂವತ್ತಕ್ಕೂ ಹೆಚ್ಚು ಕಸುಬುಗಳನ್ನು ದಾಟಿ ಬಂದ ಗಡಿಯಾರದ ಮೇಲೆ ಕೊನೆಗೆ ಒಬ್ಬನ ಹೆಸರು. ನಮ್ಮ ಮದುವೆಮನೆ ಅಡಿಗೆಯಂತೆಯೇ; ಹೆಚ್ಚುವವರು, ರುಬ್ಬುವವರು ಹತ್ತು ಜನ, ಹೊಗಳಿಕೆ ಮಾತ್ರ ಸೌಟು ಹಿಡಿದವನಿಗೆ!

ಆ ಕಸುಬುಗಳನ್ನೆಲ್ಲ ಒಬ್ಬರೇ ಕೈವಶ ಮಾಡಿಕೊಂಡವರು ಜಾರ್ಜ್ ಡೇನಿಯಲ್ಸ್. 1926ರಲ್ಲಿ ಇಂಗ್ಲೆಂಡಿನ ಸಂಡರ್ಲೆಂಡಿನಲ್ಲಿ ಹುಟ್ಟಿದರು. ಮನೆತುಂಬ ಮಕ್ಕಳು, ಬಡತನ. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ಹಾಸಿಗೆ ಕಾರ್ಖಾನೆಗೆ ದುಡಿಯಲು ಹೋದರು. ಸೈನ್ಯದಲ್ಲಿದ್ದು ಬಂದ ಮೇಲೆ ಗಡಿಯಾರ ರಿಪೇರಿಯೇ ಜೀವನವಾಯಿತು. ಓದು ಸಂಜೆಯ ತರಗತಿಗಳಲ್ಲಿ. ಪ್ಯಾರಿಸಿನ ಹಳೆಯ ಗುರು ಬ್ರೆಗೆ ಮಾಡಿದ ಗಡಿಯಾರಗಳನ್ನು ಬಿಚ್ಚಿ ಸರಿಪಡಿಸುತ್ತಲೇ ಅವರು ಪಾಠ ಕಲಿತರು. 1969ರಲ್ಲಿ ತಮ್ಮದೇ ಮೊದಲ ಕಿಸೆಗಡಿಯಾರವನ್ನು ಮುಗಿಸಿದರು.

ಕಾಲದ ತಮಾಷೆ ನೋಡಿ. ಅದೇ 1969ರ ಡಿಸೆಂಬರಿನಲ್ಲಿ ಜಪಾನಿನ ಸೀಕೊ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಮುಂದೆ ಅಂಥವು ಅಗ್ಗವಾದವು. ಕೀಲಿ ಕೊಡುವ ಗಡಿಯಾರಕ್ಕಿಂತ ಕರಾರುವಾಕ್ಕಾಗಿಯೂ ನಡೆದವು. 1970ರ ಸುಮಾರಿಗೆ ಸ್ವಿಟ್ಜರ್ಲೆಂಡಿನಲ್ಲಿ ಸುಮಾರು 90 ಸಾವಿರ ಜನ ಈ ಉದ್ಯಮದಲ್ಲಿದ್ದರೆ, 1980ರ ದಶಕ ಮುಗಿಯುವ ಹೊತ್ತಿಗೆ ಉಳಿದವರು 30 ಸಾವಿರದಷ್ಟು. 1961ರಿಂದ ಬೆಂಗಳೂರಿನಲ್ಲಿ ತಯಾರಾಗತೊಡಗಿದ ಎಚ್‌ಎಂಟಿ ಗಡಿಯಾರಕ್ಕೆ ದಿನಾ ಬೆಳಗ್ಗೆ ಕೀಲಿ ಕೊಟ್ಟ ನಮ್ಮಂಥವರೂ ಸೆಲ್ಲಿನ ಗಡಿಯಾರಕ್ಕೆ ಒಗ್ಗಿಕೊಂಡೆವು. ದಿನವೂ ನೆನಪಿಟ್ಟು ಮಾಡುವ ಒಂದು ಕೆಲಸ ತಪ್ಪಿತೆಂದರೆ ಯಾವ ಗೃಹಿಣಿಗೆ ಬೇಡ?

ಕಸುಬೇ ಮುಳುಗುತ್ತಿದ್ದ ಆ ಹೊತ್ತಿನಲ್ಲಿ ಡೇನಿಯಲ್ಸ್ ಒಂದು ದೊಡ್ಡ ಕೆಲಸ ಮಾಡಿದರು. ತಮಗೆ ಗೊತ್ತಿದ್ದುದನ್ನೆಲ್ಲ ಬರೆದಿಟ್ಟರು. ಉಕ್ಕನ್ನು ಹದಗೊಳಿಸುವುದು ಹೇಗೆ, ಚಕ್ರದ ಹಲ್ಲು ಕೊರೆಯುವುದು ಹೇಗೆ, ಹೊಳಪು ಕೊಡುವುದು ಹೇಗೆ ಎಂಬುದನ್ನೆಲ್ಲ ಚಿತ್ರಸಮೇತ ವಿವರಿಸುವ ‘ವಾಚ್‌ಮೇಕಿಂಗ್’ 1981ರಲ್ಲಿ ಪ್ರಕಟವಾಯಿತು.

ಅದನ್ನು ಹಿಡಿದುಕೊಂಡು ಕೂತವನು ಬೋಲ್ಟನ್ ಊರಿನ ರೋಜರ್ ಸ್ಮಿತ್. 1970ರಲ್ಲಿ ಹುಟ್ಟಿದ ಈ ಹುಡುಗ ಮ್ಯಾಂಚೆಸ್ಟರಿನಲ್ಲಿ ಗಡಿಯಾರದ ಶಿಕ್ಷಣ ಪಡೆದಿದ್ದನೇನೋ ನಿಜ. ಆದರೆ ಅಲ್ಲಿ ಕಲಿಸುತ್ತಿದ್ದುದು ಕೆಟ್ಟದ್ದನ್ನು ಸರಿಪಡಿಸುವುದನ್ನು. ಇಡೀ ಗಡಿಯಾರವನ್ನು ಹುಟ್ಟಿಸುವುದು ಬೇರೆಯೇ ವಿದ್ಯೆ. ಮನೆಯಲ್ಲೇ ಕೂತು, ಪುಸ್ತಕವನ್ನೇ ಗುರು ಮಾಡಿಕೊಂಡು, ಸುಮಾರು ಒಂದೂವರೆ ವರ್ಷ ದುಡಿದು ಒಂದು ಕಿಸೆಗಡಿಯಾರ ಮಾಡಿದ. ಅದರಲ್ಲಿ ಟೂರ್‌ಬಿಯೋನ್ ಎಂಬ ಕಷ್ಟದ ಭಾಗವೂ ಇತ್ತು. ಕಿಸೆಯಲ್ಲಿ ನೆಟ್ಟಗೆ ನಿಂತ ಗಡಿಯಾರದ ನಡಿಗೆಯನ್ನು ಭೂಮಿಯ ಸೆಳೆತ ತಪ್ಪಿಸುತ್ತದೆ. ಅದಕ್ಕಾಗಿ ಗಡಿಯಾರದ ಮಿಡಿಯುವ ಭಾಗವನ್ನೇ ಪುಟ್ಟ ಪಂಜರದಲ್ಲಿಟ್ಟು ಸುತ್ತಿಸುವ ಉಪಾಯವಿದು. 1801ರಲ್ಲಿ ಬ್ರೆಗೆ ಇದಕ್ಕೆ ಪೇಟೆಂಟ್ ಪಡೆದಿದ್ದ. ರೊಟ್ಟಿ ಒಂದೇ ಕಡೆ ಸೀಯದಿರಲೆಂದು ನಾವು ಹಂಚಿನ ಮೇಲೆ ತಿರುಗಿಸುತ್ತ ಬೇಯಿಸುವುದಿಲ್ಲವೆ, ಹಾಗೆ.

1992ರಲ್ಲಿ ಹುಡುಗ ಆಸೆಯಿಂದ ಗಡಿಯಾರವನ್ನು ಡೇನಿಯಲ್ಸರ ಮುಂದಿಟ್ಟ. ಅವರು ನೋಡಿ, ಇದು ಕೈಯಲ್ಲಿ ಮಾಡಿದಂತೆ ಕಾಣುತ್ತದೆ, ಹಾಗೆ ಕಾಣಬಾರದು ಎಂದರು.

ಈ ಮಾತು ಓದಿದಾಗ ನನಗೆ ನಮ್ಮ ಅವ್ವ ನೆನಪಾದಳು. ಇಳಕಲ್ ಸೀರೆಯ ಮೇಲೆ ಯಾರಾದರೂ ಕಸೂತಿ ಹಾಕಿ ತಂದು ತೋರಿಸಿದರೆ ಅವಳು ತೇರು, ಗೋಪುರಗಳ ಅಂದವನ್ನು ನೋಡುತ್ತಿರಲಿಲ್ಲ. ಮೊದಲು ಸೆರಗನ್ನು ತಿರುವಿ ಹಿಂಬದಿ ನೋಡುತ್ತಿದ್ದಳು. ಗವಂತಿ, ಮುರ್ಗಿ ಹೊಲಿಗೆ ಎರಡೂ ಕಡೆ ಒಂದೇ ಸಮ ಇರಬೇಕು. ಗಂಟು ಕಾಣಬಾರದು. ಎಲ್ಲಿ ಸುರುವಾಯಿತು, ಎಲ್ಲಿ ಮುಗಿಯಿತು ಎಂದು ತಿಳಿಯಬಾರದು. ಕೈಕೆಲಸವೆಂದರೆ ಓರೆಕೋರೆ ಇದ್ದರೂ ಚೆಂದ ಎನ್ನುವ ಮಾತು ಈಚಿನದು. ಅವ್ವನಿಗೂ ಡೇನಿಯಲ್ಸರಿಗೂ ಅದು ಸೇರುತ್ತಿರಲಿಲ್ಲ.

ರೋಜರ್ ಮನೆಗೆ ಮರಳಿ ಎರಡನೆಯ ಗಡಿಯಾರ ಹಿಡಿದ. ಮುಂದಿನ ಭಾಗ ಚೆನ್ನಾಗಿ ಬಂದರೆ ಹಿಂದಿನದು ಕಳೆಗುಂದಿ ಕಾಣುವುದು. ಅದನ್ನು ಬಿಸುಟು ಮತ್ತೆ ಮಾಡುವುದು. ಹೀಗೆ ಐದು ವರ್ಷ. 1997ರಲ್ಲಿ ಅದನ್ನು ಒಯ್ದಾಗ ಡೇನಿಯಲ್ಸ್ ಈ ಭಾಗ ಯಾರು ಮಾಡಿದರು, ಆ ಭಾಗ ಯಾರು ಮಾಡಿದರು ಎಂದು ಒಂದೊಂದನ್ನೂ ಕೇಳಿದರಂತೆ. ಎಲ್ಲಕ್ಕೂ ಒಂದೇ ಉತ್ತರ: ನಾನೇ. ನೀನೀಗ ಗಡಿಯಾರಗಾರನಾದೆ ಎಂದು ಹರಸಿದರು. ಮುಂದೆ ಐಲ್ ಆಫ್ ಮ್ಯಾನ್ ದ್ವೀಪದಲ್ಲಿದ್ದ ತಮ್ಮ ಕೆಲಸಕ್ಕೆ ಅವನನ್ನು ಕರೆಸಿಕೊಂಡರು. ಡೇನಿಯಲ್ಸ್ 2011ರಲ್ಲಿ ತೀರಿಕೊಂಡರು. ರೋಜರ್ ಅದೇ ದ್ವೀಪದಲ್ಲಿ ತನ್ನ ಹೆಸರಿನ ಕೈಗಡಿಯಾರಗಳನ್ನು ಮಾಡುತ್ತ ಬಂದ. ಆ ಎರಡನೆಯ ಗಡಿಯಾರ 2023ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 49 ಲಕ್ಷ ಡಾಲರಿಗೆ ಹೋಯಿತು.

ಹಣದ ಮಾತು ಹಾಗಿರಲಿ. ನನ್ನನ್ನು ಕಾಡುವುದು ಆ ಪುಸ್ತಕ. ಹೇಳಿಕೊಟ್ಟವರು ಎದುರಿಗಿಲ್ಲದಿದ್ದರೂ ಒಂದು ವಿದ್ಯೆ ಅಪರಿಚಿತ ಹುಡುಗನ ಮನೆಗೆ ನಡೆದು ಹೋಯಿತಲ್ಲ! ನಮ್ಮ ಹೆಂಗಸರ ವಿದ್ಯೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದದ್ದು. ಅತ್ತೆಯಿಂದ ಸೊಸೆಗೆ ಬಾರದಿದ್ದರೆ ಅಲ್ಲಿಗೇ ಮುಗಿಯಿತು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಎಳೆ ಎಣಿಸುವುದು ಬರುತ್ತಿತ್ತು. ಅವಳು ಹಾಕಿದ ಒಂದು ಸೆರಗು ನನ್ನ ಹತ್ತಿರ ಉಳಿದಿದೆ. ಈಗ ಮಧ್ಯಾಹ್ನಗಳಲ್ಲಿ ಕನ್ನಡಕ ಹಾಕಿಕೊಂಡು ಅದರ ಎಳೆಗಳನ್ನು ಎಣಿಸಿ, ಮಕ್ಕಳ ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬುತ್ತಿದ್ದೇನೆ. ತೇರು ಮುಗಿದಿದೆ. ಆನೆ ಇನ್ನೂ ಅರ್ಧ ಆಗಿದೆ.