ಪೆನ್ಸಿಲಿನಲ್ಲಿ ಬರೆದ ಹೆಸರು

ನಮ್ಮ ತಂದೆಯವರು 1943ರಲ್ಲಿ ಅಜ್ಜಂಪುರದ ಸ್ಟೇಷನ್ನಿನಲ್ಲಿ ಬೆಂಗಳೂರಿನ ರೈಲು ಹತ್ತಿದರು. ಬೀರೂರು, ಕಡೂರು, ಅರಸೀಕೆರೆಗಳನ್ನು ದಾಟಿ ಗಾಡಿ ಊರು ಮುಟ್ಟುವ ಹೊತ್ತಿಗೆ ಕಟ್ಟಿಕೊಂಡು ಹೋಗಿದ್ದ ಬುತ್ತಿ ಹಳಸಿತ್ತಂತೆ. ಆಗ ಅವರಿಗೆ 21 ವರ್ಷ. ಓದಿದ್ದು ಲೋವರ್ ಸೆಕೆಂಡರಿಯವರೆಗೆ. ತಗಡಿನ ಕೆಲಸ ಒಂದಿಷ್ಟು ಕೈಗೆ ಹತ್ತಿತ್ತು. ವಿಮಾನದ ಕಾರ್ಖಾನೆಯಲ್ಲಿ ಜನ ಬೇಕಂತೆ ಎಂದು ಯಾರೋ ಹೇಳಿದ ಒಂದು ಮಾತನ್ನು ನಂಬಿ ಹೊರಟಿದ್ದರು. ಅಜ್ಜಂಪುರವೆಂದರೆ ಅಮೃತಮಹಲ್ ದನಗಳ ಊರು. ಹೈದರಾಲಿ, ಟಿಪ್ಪುಸುಲ್ತಾನರ ಫಿರಂಗಿಗಳನ್ನು ಎಳೆದ ಎತ್ತಿನ ತಳಿ ಅದು. ಆ ಮೇಲೆ ಇಂಗ್ಲಿಷರ ದಂಡಿಗೂ ದುಡಿಯಿತು. "ನಮ್ಮೂರಿನಿಂದ ಯುದ್ಧಕ್ಕೆ ಎತ್ತು ಹೋಗುತ್ತಿದ್ದವು, ಈಗ ನೀನು ಹೊರಟೆ" ಎಂದು ಹಿರಿಯರೊಬ್ಬರು ನಕ್ಕರಂತೆ. ಅವರ ನಗೆಯಲ್ಲಿ ಸುಳ್ಳೇನೂ ಇರಲಿಲ್ಲ.

ಆ ಕಾರ್ಖಾನೆಯ ಕಥೆ ವಾಚಕರಲ್ಲಿ ಹಲವರಿಗೆ ಗೊತ್ತಿದ್ದದ್ದೇ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಆಗ ಸರ್ ಮಿರ್ಜಾ ಇಸ್ಮಾಯಿಲರು ದಿವಾನರು. ನಮ್ಮ ನೆಲದಲ್ಲೇ ವಿಮಾನ ಕಟ್ಟಬೇಕೆಂಬುದು ಆಸೆ. ಆದರೆ 1942ರ ಮಾರ್ಚಿಯಲ್ಲಿ ರಂಗೂನು ಜಪಾನರ ಕೈಸೇರಿತು. ಏಪ್ರಿಲ್ 6ರಂದು ವಿಶಾಖಪಟ್ಟಣದ ಮೇಲೆ ಬಾಂಬು ಬಿದ್ದಿತು. ಹೊಸ ವಿಮಾನ ಕಟ್ಟುವುದಕ್ಕಿಂತ ಜಖಂ ಆದದ್ದನ್ನು ಸರಿಮಾಡುವುದೇ ಅವಸರದ ಕೆಲಸವಾಯಿತು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೇನಾ ವಿಮಾನದಳಕ್ಕೆ ಹೋಯಿತು. ಕ್ಯಾಟಲೀನಾ ಎಂಬ ನೀರಿನ ವಿಮಾನಗಳು ಬೆಳ್ಳಂದೂರು ಕೆರೆಯಲ್ಲೇ ಬಂದು ಇಳಿಯುತ್ತಿದ್ದವು. ಈಗಿನ ಬೆಳ್ಳಂದೂರು ಕೆರೆಯನ್ನು ಕಂಡವರಿಗೆ ಇದನ್ನು ನಂಬುವುದು ಕಷ್ಟ.

ತಂದೆಯವರು ಯುದ್ಧದ ಮಾತು ಆಡುತ್ತಿದ್ದುದು ಅಪರೂಪ. ತರೀಕೆರೆಯಲ್ಲಿ ನಮ್ಮ ತಾಯಿಯ ತವರುಮನೆಯ ಜಗಲಿಯ ಮೇಲೆ, ಊಟವಾದ ಮೇಲೆ, ಸೋದರಮಾವಂದಿರು ಒತ್ತಾಯ ಮಾಡಿದರೆ ಒಂದಿಷ್ಟು ಹೇಳುವರು. ಒಂದು ಸಂಗತಿಯನ್ನು ಮಾತ್ರ ಎರಡು ಮೂರು ಸಲ ಹೇಳಿದ್ದುಂಟು. ಅವರ ಶೆಡ್ಡಿಗೆ ಒಂದು ಬಾಂಬು ವಿಮಾನ ಬಂದಿತ್ತು. ಬಾಲದ ತುದಿಯಲ್ಲಿ ಬಂದೂಕಿನವನು ಕುಳಿತುಕೊಳ್ಳುವ ಗೂಡು. ಅದರ ಒಳಗಿನ ತಗಡಿನ ಮೇಲೆ ಯಾರೋ ಪೆನ್ಸಿಲಿನಿಂದ ಒಂದು ಹೆಸರು ಬರೆದಿದ್ದರು. ಐದು ಇಂಗ್ಲಿಷ್ ಅಕ್ಷರ, ಮೊದಲನೆಯದು ‘ಡಿ’. ಹೆಣ್ಣಿನ ಹೆಸರೆಂದು ಜೊತೆಯ ಮೇಸ್ತ್ರಿ ಹೇಳಿದ. ಸುತ್ತಲಿನ ತಗಡು ತೂತುಬಿದ್ದಿತ್ತು. ತಂದೆಯವರು ತೇಪೆ ಹಾಕಿ, ರಿವೆಟ್ ಹೊಡೆದು, ಉಜ್ಜಿ, ಬಣ್ಣ ಬಳಿದರು. ಬಣ್ಣದ ಅಡಿಯಲ್ಲಿ ಆ ಹೆಸರೂ ಹೋಯಿತು.

"ಬಳಿಯುವಾಗ ಏನೂ ಅನ್ನಿಸಲಿಲ್ಲ. ಮಾರನೆಯ ದಿನ ವಿಮಾನ ಹೊರಟುಹೋಯಿತು ನೋಡು, ಆಗ ಅನ್ನಿಸಿತು. ಆ ಹುಡುಗ ಮತ್ತೆ ಬಂದು ಕೂತು ಹುಡುಕಿದರೆ ಏನು ಮಾಡ್ತಾನೆ?" ಎಂದು ಹೇಳಿ ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುವರು.

ಅದು ಮಿಚೆಲ್ ವಿಮಾನವೋ, ನಾಲ್ಕು ಎಂಜಿನ್ನಿನ ಲಿಬರೇಟರೋ, ಅದರ ಜನ ಅಮೆರಿಕದವರೋ ಇಂಗ್ಲೆಂಡಿನವರೋ ಎಂದು ನಾನು ಕೇಳಲಿಲ್ಲ. ತಂದೆಯವರಿಗೆ ಅವರೆಲ್ಲ ‘ದೊರೆ ಹುಡುಗರು’. ಕೇಳಬೇಕೆಂದು ನನಗೆ ಬುದ್ಧಿ ಬಂದಾಗ ಹೇಳುವವರೇ ಇರಲಿಲ್ಲ.

ಈಗ ನನಗೆ ಎಪ್ಪತ್ತು ದಾಟಿದೆ. ಕಡೂರಿನಲ್ಲಿ ವಾಸ. ಹೋದ ವರ್ಷ ಮೊಮ್ಮಗಳು ರಜೆಗೆ ಬಂದಾಗ ಈ ಕಥೆಯನ್ನು ಹೇಳಿದೆ. ಅವಳು, "ತಾತ, ಅವರ ಹೆಸರೆಲ್ಲ ಇಂಟರ್‌ನೆಟ್ಟಿನಲ್ಲಿ ಇರುತ್ತೆ" ಎಂದಳು. ನಾನು ನಂಬಲಿಲ್ಲ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಒಂದು ಹಳೆಯ ಪಹಣಿ ಸಿಕ್ಕಬೇಕಾದರೆ ಎಷ್ಟು ಸಲ ಅಲೆಯಬೇಕೆಂಬುದು ನನಗೆ ಗೊತ್ತು. ಆದರೆ ಅವಳು ಹೇಳಿದ್ದು ನಿಜ.

ಬ್ರಿಟಿಷ್ ವಿಮಾನದಳದ ಪ್ರತಿಯೊಂದು ಸ್ಕ್ವಾಡ್ರನ್ನೂ ದಿನಚರಿ ಬರೆದಿಡಬೇಕಾಗಿತ್ತು. 540 ಎಂಬ ನಮೂನೆಯಲ್ಲಿ ದಿನದಿನದ ಸಮಾಚಾರ. 541 ಎಂಬುದರಲ್ಲಿ ಹಾರಾಟದ ವಿವರ: ವಿಮಾನದ ನಂಬರು, ಅದರಲ್ಲಿ ಕುಳಿತವರೆಲ್ಲರ ಹೆಸರು, ಹೊರಟ ಹೊತ್ತು, ಇಳಿದ ಹೊತ್ತು. ಇಳಿಯದೆ ಹೋದರೆ ಆ ಜಾಗ ಖಾಲಿ. ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದವರು ಈ ದಿನಚರಿಗಳ ಚಿತ್ರ ತೆಗೆದು ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಯಾವನೋ ಗುಮಾಸ್ತ ಟೈಪು ಮಾಡಿದ ಹಾಳೆಗಳು. ಅಕ್ಷರ ಕೆಲವು ಕಡೆ ಮಸಕು, ಕೆಲವು ಕಡೆ ಒಂದರ ಮೇಲೊಂದು ಬಿದ್ದಿವೆ. ನಾನೂ ಗುಮಾಸ್ತಿಕೆ ಮಾಡಿದವನಾದ್ದರಿಂದ ಆ ಹಾಳೆಗಳ ಮೇಲೆ ನನಗೆ ಸಲಿಗೆ ಹುಟ್ಟಿತು.

ಮೊದಲು ಹುಡುಕಿದ್ದು ನಮ್ಮ ಕೋಲಾರವನ್ನು. ಯುದ್ಧಕಾಲದಲ್ಲಿ ಕೋಲಾರದ ಬಳಿ ದೊಡ್ಡ ವಿಮಾನ ನಿಲ್ದಾಣವಿತ್ತು. 1673ನೆಯ ನಂಬರಿನ ತರಬೇತಿ ಘಟಕ ಅಲ್ಲಿ ಲಿಬರೇಟರ್ ಹಾರಿಸುವುದನ್ನು ಕಲಿಸುತ್ತಿತ್ತು. 110 ಅಡಿ ರೆಕ್ಕೆಯ ವಿಮಾನ ಅದು. ಅಮೆರಿಕದಲ್ಲಿ 18 ಸಾವಿರಕ್ಕೂ ಹೆಚ್ಚು ತಯಾರಾದವು. ಆ ಘಟಕದ ಜನರನ್ನು ಸೇರಿಸಿಯೇ 1944ರ ನವೆಂಬರ್ 8ರಂದು ಕೋಲಾರದಲ್ಲಿ 358ನೆಯ ಸ್ಕ್ವಾಡ್ರನ್ ಹುಟ್ಟಿತು. ಮರುವರ್ಷದ ಜನವರಿಯಲ್ಲಿ ಅದು ಬಂಗಾಳಕ್ಕೆ ಹೋಯಿತು. 13ರಂದು ಮಾಂಡಲೆಯ ಮೇಲೆ ನಡೆಸಿದ್ದೇ ಅದರ ಒಂದೇ ಒಂದು ಬಾಂಬು ದಾಳಿ. ಆ ಮೇಲೆ ಅದಕ್ಕೆ ಒಪ್ಪಿಸಿದ್ದು ಬರ್ಮಾ, ಸಯಾಮ್ ಕಾಡುಗಳಲ್ಲಿ ಗುಪ್ತಚರರನ್ನೂ ಸಾಮಾನನ್ನೂ ರಾತ್ರಿಯಲ್ಲಿ ಇಳಿಬಿಡುವ ಕೆಲಸ. ಬಂಗಾಳದಲ್ಲೇ ಇದ್ದ 159ನೆಯ ಸ್ಕ್ವಾಡ್ರನ್ನಿನ 15 ಲಿಬರೇಟರುಗಳು 1944ರ ಅಕ್ಟೋಬರ್ 27ರಂದು ಮಲಯದ ಪೆನಾಂಗಿನವರೆಗೆ ಹಾರಿ, ಬಂದರಿನಲ್ಲಿ ಸಿಡಿಗುಂಡುಗಳನ್ನು ಹಾಕಿ, ಎಲ್ಲವೂ ಹಿಂದಿರುಗಿದವು. ಹೋಗಿಬರುವ ದಾರಿ 3 ಸಾವಿರ ಮೈಲಿಗೂ ಹೆಚ್ಚು.

ಎಲ್ಲವೂ ಹಿಂದಿರುಗಿದ ದಿನಗಳನ್ನು ಓದುವಾಗ ಸುಖ. ಹಾಗೆ ಬಾರದ ದಿನಗಳೂ ಅದೇ ಕಡತದಲ್ಲಿ ಇವೆ. ಅದೇ ಸ್ಕ್ವಾಡ್ರನ್ನಿನ ಒಂದು ಲಿಬರೇಟರ್ 1945ರ ಜನವರಿ 31ರಂದು ಬರ್ಮಾದ ಐರಾವತಿ ಮುಖಜಭೂಮಿಯಲ್ಲಿ ಬಿದ್ದಿತು. ಬದುಕುಳಿದ ಆರು ಜನರನ್ನು ಜಪಾನರು ಹಿಡಿದರು. ಅವರಲ್ಲಿ ತಂತಿಯಿಲ್ಲದ ಸಂದೇಶದ ಕೆಲಸದವನು ಸ್ಟ್ಯಾನ್ಲಿ ವುಡ್‌ಬ್ರಿಜ್, 23 ವರ್ಷದವನು. ಸಂಕೇತಗಳ ಗುಟ್ಟು ಹೇಳೆಂದು ಹಿಂಸಿಸಿದರೂ ಬಾಯಿ ಬಿಡಲಿಲ್ಲ. ಫೆಬ್ರವರಿ 7ರಂದು ಅವನ ತಲೆ ತೆಗೆದರು. 1948ರಲ್ಲಿ ಜಾರ್ಜ್ ಕ್ರಾಸ್ ಪದಕ ಅವನ ಹೆಸರಿಗೆ ಬಂದಿತು. ಅವನು ರಂಗೂನಿನ ಯುದ್ಧ ಶ್ಮಶಾನದಲ್ಲಿ ಇದ್ದಾನೆ.

ಸತ್ತವರ ಪಟ್ಟಿಯನ್ನು ಇಟ್ಟಿರುವುದು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ. ಹೆಸರು, ದರ್ಜೆ, ನಂಬರು, ವಯಸ್ಸು, ತೀರಿಕೊಂಡ ದಿನ, ಸಮಾಧಿಯ ಸಾಲು. ಎಲ್ಲಕ್ಕೂ ಕೆಳಗೆ, ಮನೆಯವರು ಬರೆದು ಕಳಿಸಿದ್ದರೆ, ಒಂದು ಸಾಲು: ಇಂಥವರ ಮಗ, ಇಂಥವಳ ಗಂಡ, ಇಂಥ ಊರು. ನಾನು ಓದುವುದು ಆ ಕೊನೆಯ ಸಾಲನ್ನೇ. ‘ಡಿ’ ಅಕ್ಷರದ, ಐದು ಅಕ್ಷರದ ಹೆಂಡತಿಯನ್ನು ಹುಡುಕುತ್ತೇನೆ. ಡೋರಿಸ್, ಡೇಸಿ, ಡಯಾನ ಎಲ್ಲವೂ ಇಂಗ್ಲಿಷಿನಲ್ಲಿ ಐದೇ ಅಕ್ಷರ. ಆದರೆ ಮದುವೆಯಾಗಿರದ ಹುಡುಗರೇ ಬಹಳ. 20, 21, 22 ಎಂದು ವಯಸ್ಸು ಓದುತ್ತ ಹೋದರೆ, ತಂದೆಯವರು ರೈಲು ಹತ್ತಿದ ವಯಸ್ಸೂ ಅದೇ ಎಂಬುದು ಮತ್ತೆ ಮತ್ತೆ ನೆನಪಾಗುತ್ತದೆ. ಪ್ರೀತಿಸಿದವಳ ಹೆಸರಿಗೆ ಯಾವ ನಮೂನೆಯಲ್ಲೂ ಕಾಲಂ ಇಲ್ಲ.

ದಕ್ಷಿಣ ಭಾರತದ ಅಲ್ಲಲ್ಲಿನ ಶ್ಮಶಾನಗಳಲ್ಲಿದ್ದ ಎರಡನೆಯ ಮಹಾಯುದ್ಧದ ಎಷ್ಟೋ ಸಮಾಧಿಗಳನ್ನು ತೆಗೆದು ಮದರಾಸಿನ ನಂದಂಬಾಕ್ಕಂ ಬಳಿಯ ಯುದ್ಧ ಶ್ಮಶಾನಕ್ಕೆ ಒಯ್ದರು. ಅಲ್ಲಿ 850ಕ್ಕೂ ಹೆಚ್ಚು ಇವೆ. ಒಮ್ಮೆ ಚೆನ್ನೈಗೆ ಹೋದಾಗ ಮಧ್ಯಾಹ್ನದ ಬಿಸಿಲಿನಲ್ಲಿ ಮೂರು ಸಾಲು ನೋಡಿದೆ. ನಾಲ್ಕನೆಯದಕ್ಕೆ ಮೊಣಕಾಲು ಒಪ್ಪಲಿಲ್ಲ. ಸಮಾಧಿಯೇ ಇಲ್ಲದವರ ಹೆಸರು ಸಿಂಗಾಪುರದ ಕ್ರಾಂಜಿಯ ಸ್ಮಾರಕದಲ್ಲಿ ಕೆತ್ತಿದೆ. ಭೂಸೇನೆಯವರೂ ಸೇರಿ 24 ಸಾವಿರಕ್ಕೂ ಮೇಲೆ.

ಅಮೆರಿಕದವರ ಕಾಗದಗಳು ಬೇರೆ ರೀತಿಯವು. ವಿಮಾನ ಕಾಣೆಯಾದರೆ ಅವರು ಒಂದು ವರದಿ ಬರೆಯುತ್ತಿದ್ದರು. ಅದರಲ್ಲಿ ಪ್ರತಿಯೊಬ್ಬನ ಹತ್ತಿರದ ಬಂಧುವಿನ ಹೆಸರೂ ಇರುತ್ತದೆ. ‘ಹಾಟ್ ಆಸ್ ಹೆಲ್’ ಎಂದು ಹೆಸರಿಟ್ಟುಕೊಂಡ ಒಂದು ಲಿಬರೇಟರ್ 1944ರ ಜನವರಿ 25ರಂದು ಚೀನದ ಕುನ್‌ಮಿಂಗಿನಿಂದ ಅಸ್ಸಾಮಿಗೆ ಬರುತ್ತ ಎಂಟು ಜನರೊಡನೆ ಕಾಣೆಯಾಯಿತು. ಅರುಣಾಚಲದ ಬೆಟ್ಟದಲ್ಲಿ ಅದರ ಅವಶೇಷ ಸಿಕ್ಕಿದ್ದು 2006ರಲ್ಲಿ. ಅದರಲ್ಲಿದ್ದ ರಾಬರ್ಟ್ ಆಕ್ಸ್‌ಫರ್ಡ್ ಎಂಬವನ ಮೂಳೆಯನ್ನು ಗುರುತಿಸಿ 2017ರಲ್ಲಿ ಅವನ ಊರಿನಲ್ಲಿ ಮಣ್ಣು ಮಾಡಿದರು. 73 ವರ್ಷ ಒಂದು ಕಡತ ಮುಚ್ಚದೆ ಇತ್ತು! ಈ ಜನರ ಹಟಕ್ಕೆ ನಾನು ಕೈಮುಗಿಯುತ್ತೇನೆ.

ಕೈಮುಗಿಯುವಾಗಲೇ ಇನ್ನೊಂದು ಯೋಚನೆಯೂ ಬರುತ್ತದೆ. ಇದೇ ಲಿಬರೇಟರುಗಳು ಸಯಾಮ್–ಬರ್ಮಾ ರೈಲುದಾರಿಯ ಸೇತುವೆಗಳ ಮೇಲೆ ಬಾಂಬು ಹಾಕಿದವು. ಆ ದಾರಿಯನ್ನು ಹಾಕಿದವರಲ್ಲಿ ಮಲಯದ ರಬ್ಬರ್ ತೋಟಗಳಿಂದ ಜಪಾನರು ಎಳೆದೊಯ್ದ ತಮಿಳು ಕೂಲಿಗಳು ಸಾವಿರಾರು. ಕಾಲರಾದಲ್ಲಿ, ಹಸಿವಿನಲ್ಲಿ ಸತ್ತ ಅವರಿಗೆ ನಮೂನೆ 541 ಇಲ್ಲ. ವಿಮಾನದಲ್ಲಿದ್ದವರ ಹೆಸರೆಲ್ಲ ಉಳಿಯಿತು, ನೆಲದ ಮೇಲಿದ್ದವರದು ಉಳಿಯಲಿಲ್ಲ. ನಮ್ಮ ತಂದೆಯವರೂ ನೆಲದ ಮೇಲಿದ್ದವರೇ. ರಿವೆಟ್ ಹೊಡೆದವನ ಹೆಸರು ಹಾರಾಟದ ದಿನಚರಿಯಲ್ಲಿ ಬರುವುದಿಲ್ಲ. ಅವರ ಯುದ್ಧದ ಗುರುತಾಗಿ ನಮ್ಮಲ್ಲಿರುವುದು ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ ಮಾತ್ರ. ಅದು ಗೇಟಿನಲ್ಲಿ ತೋರಿಸುವ ಟೋಕನ್ನು.

ಯುದ್ಧ ಮುಗಿದ ಮೇಲೆ ಬ್ರಿಟಿಷ್ ವಿಮಾನದಳದವರು ಕಾನ್ಪುರದಲ್ಲಿ ರಾಶಿರಾಶಿ ಲಿಬರೇಟರುಗಳನ್ನು, ಮತ್ತೆ ಯಾರೂ ಹಾರಿಸದಂತೆ ಕೆಡಿಸಿ ಬಿಟ್ಟುಹೋದರು. ನಮ್ಮ ಕಾರ್ಖಾನೆಯವರು ಅವುಗಳಲ್ಲಿ 42ನ್ನು ಹೇಗೋ ಹಾರುವಷ್ಟಕ್ಕೆ ಸರಿಮಾಡಿದರು. ಜಮ್‌ಶೆಡ್ ಮುನ್ಷಿ ಎಂಬ ಧೀರರು ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಬೆಂಗಳೂರಿನಲ್ಲಿ ಪೂರ್ತಿ ದುರಸ್ತಿಯಾಗಿ 1948ರ ನವೆಂಬರಿನಿಂದ ಅವು ನಮ್ಮ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಸೇರಿದವು. 1968ರವರೆಗೂ ಸಮುದ್ರದ ಮೇಲೆ ಕಾವಲು ಕಾದವು. ತಂದೆಯವರು ಅವುಗಳ ಮೇಲೂ ಕೆಲಸ ಮಾಡಿದರು. ತಮ್ಮ ಕೆಲಸವೆಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದುದು ಇದನ್ನೇ. ಅಂಥ ಒಂದು ವಿಮಾನವನ್ನು ಭಾರತ 1974ರಲ್ಲಿ ಬ್ರಿಟನ್ನಿಗೆ ಕೊಟ್ಟಿತು. ಕೆಎನ್ 751 ಎಂಬುದು ಅದರ ಹಳೆಯ ನಂಬರು. ಬ್ರಿಟಿಷ್ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ ಇದೆ. ಮೊಮ್ಮಗಳು ಅದರ ಚಿತ್ರ ತೋರಿಸಿದಳು. ಬಾಲದ ಕಡೆಯನ್ನು ದೊಡ್ಡದು ಮಾಡಲು ಹೇಳಿದೆ. ರಿವೆಟ್‌ಗಳ ಸಾಲು ಚೆನ್ನಾಗಿ ಕಾಣುತ್ತದೆ.

"ಆ ಹೆಸರು ಸಿಕ್ಕಿದರೆ ಏನು ಮಾಡ್ತೀರಿ ತಾತ?" ಎಂದು ಕೇಳಿದಳು. ಅವಳು ಬದುಕಿರಲಾರಳು; ಮಕ್ಕಳಿಗೆ ಬರೆದರೆ ಏನೆಂದು ಬರೆಯುವುದು? ನಿಮ್ಮ ತಾಯಿಯ ಹೆಸರಿನ ಮೇಲೆ ಅಜ್ಜಂಪುರದವನೊಬ್ಬ ಬಣ್ಣ ಬಳಿದನೆಂದೇ? ಬರೆಯುವೆನೋ ಏನೋ.

ಮೊನ್ನೆ ರಂಗೂನಿನ ಪಟ್ಟಿ ಮುಗಿಯಿತು. ಕ್ರಾಂಜಿಯದರಲ್ಲಿ ವಿಮಾನದಳದವರನ್ನು ಮಾತ್ರ ಬೇರೆ ಮಾಡಿ ತೆಗೆಯುವುದನ್ನು ಹೇಳಿಕೊಟ್ಟು ಮೊಮ್ಮಗಳು ಊರಿಗೆ ಹೋದಳು. ಇಂದು ಬೆಳಿಗ್ಗೆ ‘ಬಿ’ ಅಕ್ಷರದವರೆಗೆ ಓದಿದ್ದೇನೆ.