ಮೇಟಿಯಿಂದ ಡ್ರಮ್ಮಿಗೆ

ಮಿಶ್ರಿಕೋಟಿಯ ನಮ್ಮ ಹೊಲಕ್ಕೆ ಸೋಯಾಬೀನ್ ಕೊಯ್ಯಲು ಕಂಬೈನ್ ಬಂದಿತ್ತು. ಮಧ್ಯಾಹ್ನ ನೋಡಿದರೆ ಟ್ಯಾಂಕಿನಾಗ ಅರ್ಧ ಬ್ಯಾಳಿ! ಒಡೆದ ಕಾಳಿಗೆ ಪೇಟೆಯಲ್ಲಿ ರೇಟಿಲ್ಲ.

"ಮುಂಜಾನಿ ಇಬ್ಬನಿಗೆ ಇಟ್ಟಿದ್ದು ಬಿಸಲಿಗೂ ನಡೀತೈತೇನೋ ತಮ್ಮಾ?" ಅಪ್ಪ ಡ್ರೈವರನನ್ನು ಕೇಳಿದ. ಹಂತಿ ಕಟ್ಟುವ ಕಾಲದಲ್ಲಿ ಮೇಟಿ ಸುತ್ತ ಎತ್ತು ತುಳಿಸುತ್ತಾ, ತೆನೆ ಕೈಯಲ್ಲಿ ತಿಕ್ಕಿ ನೋಡಿ ನಿಲ್ಲಿಸುತ್ತಿದ್ದವನು ಅವನು.

ಯುರೋಪಿನಲ್ಲಿ ಕೋಲಿನಿಂದ ಬಡಿದು ಒಕ್ಕುತ್ತಿದ್ದರು. 1786ರ ಸುಮಾರಿಗೆ ಸ್ಕಾಟ್ಲೆಂಡಿನ ಆಂಡ್ರ್ಯೂ ಮೀಕಲ್ ಆ ಬಡಿತವನ್ನು ತಿರುಗುವ ಡ್ರಮ್ಮಿಗೆ ಕೊಟ್ಟ. 1836ರಲ್ಲಿ ಅಮೆರಿಕದ ಹೈರಮ್ ಮೂರ್ ಕೊಯ್ಲನ್ನೂ ಒಕ್ಕಣೆಯನ್ನೂ ಒಂದೇ ಯಂತ್ರಕ್ಕೆ ಸೇರಿಸಿ ಪೇಟೆಂಟ್ ಪಡೆದ, ಎಳೆಯಲು ಕುದುರೆಗಳು. ಸೂತ್ರ ಮಾತ್ರ ಇವತ್ತಿಗೂ ಅದೇ: ಡ್ರಮ್ ಜೋರಾದರೆ, ಕೆಳಗಿನ ಜಾಲರಿಯ ಸಂದು ಕಿರಿದಾದರೆ ಕಾಳು ಒಡೆಯುತ್ತದೆ, ಉಲ್ಟಾ ಆದರೆ ಕಾಯಿಯಲ್ಲೇ ಉಳಿಯುತ್ತದೆ.

ಬಾಡಿಗೆ ಎಕರೆ ಲೆಕ್ಕದ್ದು, ನಿಂತಷ್ಟು ಹೊತ್ತು ಲುಕ್ಸಾನು ಡ್ರೈವರನದು. ಗೊಣಗುತ್ತಲೇ ಇಳಿದ. ಡ್ರಮ್ ನಿಧಾನ ಮಾಡಿ ನಾಲ್ಕು ಮಾರು ಕೊಯ್ದ. ಅಪ್ಪ ಬೊಗಸೆಯಲ್ಲಿ ಕಾಳು ಹಿಡಿದು ಊದಿ ನೋಡಿ, "ಇನ್ನೊಂದೀಟು ಇಳಸು" ಅಂದ.