ಅಲ್ಲಮಪ್ರಭು ಮತ್ತು ಅಕ್ಕಮಹಾದೇವಿ: ವಚನಗಳ ಸಂಕಲನ, ಪ್ರಕಟಣೆಯ ಇತಿಹಾಸ

ಹನ್ನೆರಡನೆಯ ಶತಮಾನದ ವಚನಕಾರರಾದ ಅಲ್ಲಮಪ್ರಭು, ಅಕ್ಕಮಹಾದೇವಿ ಇಬ್ಬರೂ ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನವರೆಂಬುದು ಪರಂಪರೆಯ ನಂಬಿಕೆ. ಅಲ್ಲಮನ ಊರು ಬಳ್ಳಿಗಾವಿ, ಅಕ್ಕನ ಊರು ಉಡುತಡಿ. ಅಲ್ಲಮನ ವಚನಗಳ ಅಂಕಿತ ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ. ಇವರ ಕಾಲದ ಓಲೆಗರಿ ಒಂದೂ ಉಳಿದಿಲ್ಲ. ಈಗ ನಾವು ಓದುವ ಪಾಠ, ವಚನಗಳ ಅನುಕ್ರಮ, ಒಟ್ಟು ಸಂಖ್ಯೆ ಎಲ್ಲವೂ ನಂತರದ ಸಂಕಲನಕಾರರು, ಟೀಕಾಕಾರರು, ಸಂಪಾದಕರು ಶತಮಾನಗಳ ಉದ್ದಕ್ಕೂ ಮಾಡಿದ ಕೆಲಸದ ಫಲ. ವಚನಕಾರರ ಜೀವನವನ್ನೂ ಅನುಭಾವವನ್ನೂ ಕುರಿತ ಬರಹ ಹೇರಳವಾಗಿದೆ. ವಚನಗಳು ಯಾವ ದಾರಿಯಲ್ಲಿ ಪುಸ್ತಕವಾದವು ಎಂಬ ವಿವರ ಮಾತ್ರ ಹಲವು ಮುನ್ನುಡಿಗಳಲ್ಲಿ ಚದುರಿದೆ.

ನಾಡು ಮತ್ತು ಶಾಸನಗಳು

ಇಂದಿನ ಶಿಕಾರಿಪುರ, ಸೊರಬ ತಾಲ್ಲೂಕುಗಳು ಆಗ ಬನವಾಸಿ ಪನ್ನಿರ್ಚ್ಛಾಸಿರ ನಾಡಿನಲ್ಲಿದ್ದವು. ಬಳ್ಳಿಗಾವಿ ಆ ನಾಡಿನ ರಾಜಧಾನಿ, ಕಾಳಾಮುಖ ಶೈವರ ದೊಡ್ಡ ನೆಲೆ. ಕಳಚೂರಿ ಬಿಜ್ಜಳನ ಕಾಲದ 1162ರ ಶಾಸನವೊಂದು ಅಲ್ಲಿನ ಕೋಡಿಯಮಠವನ್ನು ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುವ, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುವ ಸ್ಥಳವೆಂದು ಅದು ಮಠವನ್ನು ಕೊಂಡಾಡುತ್ತದೆ. ದೇವಸ್ಥಾನದ ಕಸುಬುದಾರರು, ಪಂಡಿತರು, ನಾನಾ ಮತಗಳ ಸಾಧಕರು ಒಂದೇ ಊರಿನಲ್ಲಿ ಬದುಕಿದ್ದರೆಂಬುದಕ್ಕೆ ಇದೇ ಸಾಕ್ಷಿ.

ಬಿ. ಎಲ್. ರೈಸ್ ಈ ಭಾಗದ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಅಚ್ಚು ಹಾಕಿಸಿದರು. ಶಿಕಾರಿಪುರದ ಶಾಸನಗಳಿರುವ 7ನೆಯ ಸಂಪುಟ 1902ರಲ್ಲೂ ಸೊರಬದ ಶಾಸನಗಳಿರುವ 8ನೆಯ ಸಂಪುಟ 1904ರಲ್ಲೂ ಬಂದವು. ಬಳ್ಳಿಗಾವಿಯ ಕಲ್ಲುಗಳ ಮೇಲಿನ ಬರಹ ವಿದ್ವಾಂಸರ ಕೈಗೆ ಸಿಕ್ಕ ಮೇಲೆ, ಅದೇ ಊರಿನವನೆಂದು ಹೆಸರಾದ ಅಲ್ಲಮನ ಮಾತುಗಳು ವ್ಯವಸ್ಥಿತವಾಗಿ ಅಚ್ಚಾಗಲು ಇನ್ನೂ ಎರಡು ದಶಕ ಹಿಡಿಯಿತು.

ಜೀವನವೃತ್ತಾಂತದ ಎರಡು ಧಾರೆ

ಇಬ್ಬರ ಕಥೆಗೂ ಮುಖ್ಯ ಆಕರಗಳು ಎರಡು. ಇವು ಒಂದಕ್ಕೊಂದು ತಾಳೆಯಾಗುವುದಿಲ್ಲ. ಹಳೆಯದು ಹರಿಹರನ ರಗಳೆಗಳು. ಪ್ರಭುದೇವರ ರಗಳೆಯಲ್ಲಿ ಅಲ್ಲಮ ಬಳ್ಳಿಗಾವಿಯ ಮದ್ದಳೆಗಾರ. ಕಾಮಲತೆಯನ್ನು ಪ್ರೀತಿಸಿ ಮದುವೆಯಾಗುತ್ತಾನೆ. ಅವಳು ಜ್ವರದಿಂದ ಸತ್ತ ಮೇಲೆ ಹುಚ್ಚನಂತೆ ಅಲೆಯುತ್ತಾನೆ. ನೆಲದಲ್ಲಿ ಹುದುಗಿದ್ದ ಗುಡಿಯೊಂದರ ಕಳಸ ಕಂಡು, ಅಗೆದು ಒಳಹೊಕ್ಕಾಗ ಅನಿಮಿಷಯ್ಯನ ಕೈಯಿಂದ ಲಿಂಗ ದೊರೆಯುತ್ತದೆ. ಮಹಾದೇವಿಯಕ್ಕನ ರಗಳೆಯಲ್ಲಿ ಅಕ್ಕ ಷರತ್ತು ಹಾಕಿ ಕೌಶಿಕನನ್ನು ಮದುವೆಯಾಗುತ್ತಾಳೆ. ಅವನು ಷರತ್ತು ಮುರಿದಾಗ ಮನೆ ಬಿಟ್ಟು ಹೊರಡುತ್ತಾಳೆ.

ಇಮ್ಮಡಿ ದೇವರಾಯನ (1424–1446) ಕಾಲದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಚಿತ್ರವೇ ಬೇರೆ. ಅಲ್ಲಿ ಅಲ್ಲಮ ನಿರಹಂಕಾರ, ಸುಜ್ಞಾನಿಯರ ಮಗನಾಗಿ ಬರುವ ನಿರ್ಮಾಯ ತತ್ತ್ವ. ಅವನನ್ನು ಸೋಲಿಸಲು ಮಾಯೆ ಬನವಾಸಿಯ ಅರಸ ಮಮಕಾರನ ಮಗಳಾಗಿ ಹುಟ್ಟಿ ತಾನೇ ಸೋಲುತ್ತಾಳೆ. ಇಲ್ಲಿ ಅಕ್ಕ ಕೌಶಿಕನನ್ನು ಮದುವೆಯಾಗುವುದೇ ಇಲ್ಲ. ಕಥೆಯ ನಡುಮನೆ ಬಳ್ಳಿಗಾವಿಯಿಂದ ಸೊರಬದಾಚೆಯ ಬನವಾಸಿಗೆ ಸರಿಯುತ್ತದೆ. ಅರಸರ, ತಂದೆತಾಯಿಯರ ಹೆಸರುಗಳೆಲ್ಲ ಗುಣವಾಚಕಗಳಾಗಿರುವುದರಿಂದ ಇದನ್ನು ರೂಪಕಕಾವ್ಯವಾಗಿ ಓದುವುದು ವಾಡಿಕೆ. ಆದರೂ ಜನರ ನಡುವೆ ಹೆಚ್ಚು ಹರಡಿದ್ದು ಈ ಧಾರೆಯೇ. ತೆಲುಗು, ತಮಿಳಿಗೂ ಹೋದದ್ದು ಪ್ರಭುಲಿಂಗಲೀಲೆ. ತಮಿಳಿನಲ್ಲಿ 17ನೆಯ ಶತಮಾನದ ಶಿವಪ್ರಕಾಶರ್ ಅದನ್ನು ಕಾವ್ಯವಾಗಿಸಿದರು. ಹೀಗಾಗಿ ಕನ್ನಡದಾಚೆ ಅಲ್ಲಮ ಮೊದಲು ಹೆಸರಾದದ್ದು ಒಂದು ಕಾವ್ಯದ ನಾಯಕನಾಗಿ. ವಚನಕಾರನಾಗಿ ಪರಿಚಯವಾದದ್ದು ತೀರ ಈಚೆಗೆ.

ಓಲೆಗರಿಯ ಕಾಲ

ಈ ವಚನಕಾರರು ಸೇರಿದ್ದ ಕಲ್ಯಾಣದ ಶರಣ ಚಳವಳಿ ಚದುರಿದ ಮೇಲೆ ಸುಮಾರು ಎರಡೂವರೆ ಶತಮಾನ ವಚನಗಳು ಬಾಯಿಪಾಠವಾಗಿ, ಬಿಡಿ ಕಟ್ಟುಗಳಾಗಿ ಉಳಿದವು. ಅವುಗಳನ್ನು ಕಲೆಹಾಕುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು 15ನೆಯ ಶತಮಾನದಲ್ಲಿ. ಲಕ್ಕಣ್ಣ ದಂಡೇಶ, ಜಕ್ಕಣಾರ್ಯ, ಮಹಾಲಿಂಗದೇವ ಮೊದಲಾದವರು ಇದೇ ವಾತಾವರಣದವರು. ಇವರಿಗೆ ವಚನ ಶಾಸ್ತ್ರದ ಪ್ರಮಾಣವಾಕ್ಯ. ಆದ್ದರಿಂದ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳ ಚೌಕಟ್ಟಿನಲ್ಲಿ ವಚನಗಳನ್ನು ಹಂಚಿ ಜೋಡಿಸಿದರು. ಒಬ್ಬ ವಚನಕಾರ ಯಾವ ಮಾತನ್ನು ಮೊದಲು ಆಡಿದ, ಯಾವುದನ್ನು ಆಮೇಲೆ ಆಡಿದ ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ.

ಅಲ್ಲಮನ ಒಗಟಿನಂಥ ಬೆಡಗಿನ ವಚನಗಳು ಟೀಕಾಕಾರರಿಗೆ ವಿಶೇಷ ಸವಾಲಾದವು. ಅವುಗಳ ಒಂದೊಂದು ಪ್ರತಿಮೆಗೂ ತಾತ್ತ್ವಿಕ ಅರ್ಥ ಹಚ್ಚುವ ಟೀಕಾ ಪರಂಪರೆಯೇ ಬೆಳೆಯಿತು. ಎಷ್ಟೋ ಹಸ್ತಪ್ರತಿಗಳಲ್ಲಿ ವಚನ ಮತ್ತು ಟೀಕೆ ಒಟ್ಟಿಗೇ ಸಾಗಿಬಂದವು. ಅಕ್ಕನ ಹೆಸರಿನಲ್ಲಿ ವಚನಗಳ ಜತೆಗೆ ‘ಯೋಗಾಂಗ ತ್ರಿವಿಧಿ’ ಎಂಬ ತ್ರಿಪದಿಯ ಕೃತಿಯೂ ಪ್ರತಿಗಳಲ್ಲಿ ಸಿಗುತ್ತದೆ.

ಓಲೆಗರಿಯ ಬರಹದಲ್ಲಿ ಪದಗಳ ನಡುವೆ ತೆರಪಿಲ್ಲ, ಸಾಲು ಮುರಿಯುವ ರೂಢಿಯಿಲ್ಲ. ಗರಿಯ ಅಂಚು ಬಂದಲ್ಲಿ ಸಾಲು ಮುಗಿಯುತ್ತದೆ. ಇಂದಿನ ಪುಸ್ತಕದಲ್ಲಿ ವಚನ ಕವಿತೆಯಂತೆ ಸಾಲುಸಾಲಾಗಿ ನಿಲ್ಲುವುದು ಮುದ್ರಣಯುಗದ ಸಂಪಾದಕರ ತೀರ್ಮಾನ. ವಚನ ಯಾರದೆಂದು ಗೊತ್ತುಮಾಡಲು ಇದ್ದ ಮುಖ್ಯ ಗುರುತು ಕೊನೆಯ ಅಂಕಿತ ಒಂದೇ. ಅಂಕಿತ ಬದಲಾದರೆ ಕರ್ತೃವೂ ಬದಲಾದಂತೆ. ಒಂದೇ ವಚನ ಎರಡು ಅಂಕಿತಗಳಲ್ಲಿ ಸಿಗುವುದುಂಟು.

ಶೂನ್ಯಸಂಪಾದನೆಗಳು

ಈ ಇತಿಹಾಸದ ದೊಡ್ಡ ತಿರುವು ‘ಶೂನ್ಯಸಂಪಾದನೆ’. ಶಿವಗಣಪ್ರಸಾದಿ ಮಹದೇವಯ್ಯ 15ನೆಯ ಶತಮಾನದಲ್ಲಿ ವಚನಗಳನ್ನು ಆಯ್ದು, ನಡುನಡುವೆ ತನ್ನ ಗದ್ಯ ಸೇರಿಸಿ, ಅಲ್ಲಮನನ್ನು ಕೇಂದ್ರದಲ್ಲಿಟ್ಟು ಶರಣರ ಸಂವಾದವನ್ನು ಕಟ್ಟಿದ. ಹೆಚ್ಚುಕಡಿಮೆ ನಾಟಕದ ರೂಪ ಅದಕ್ಕೆ. ನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಅದನ್ನೇ ಮತ್ತೆ ಸಂಪಾದಿಸಿದರು. ಮೊದಲನೆಯದರಲ್ಲಿ ಸುಮಾರು ಒಂದು ಸಾವಿರ ವಚನಗಳಿದ್ದವು. ನಂತರದವು ಒಂದೂವರೆ ಸಾವಿರದ ಆಸುಪಾಸಿಗೆ ಬೆಳೆದವು. ಸೊನ್ನಲಿಗೆಯ ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆ ಆಯಿತೇ ಇಲ್ಲವೇ ಎಂಬಂಥ ಮುಖ್ಯ ವಿಷಯದಲ್ಲೇ ಈ ಸಂಪಾದನೆಗಳಿಗೆ ಭಿನ್ನಮತವಿದೆ. ಪಂಥದ ಒಳಗಿನ ವಾದಗಳು ಸಂಕಲನದ ರೂಪವನ್ನು ಹೇಗೆ ತಿದ್ದಿದವು ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅಕ್ಕನ ಪ್ರಸಂಗವನ್ನೇ ನೋಡಬಹುದು. ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮ ಸಭೆಯ ಎದುರು ತಡೆದು ಪ್ರಶ್ನಿಸುತ್ತಾನೆ: ನಿನ್ನ ಗಂಡ ಯಾರು, ಸೀರೆ ಬಿಟ್ಟವಳು ಕೂದಲಿನಿಂದ ಮೈ ಮರೆಮಾಡಿದ್ದೇಕೆ? ಅಕ್ಕನ ಒಂದೊಂದು ವಚನವೂ ಒಂದೊಂದು ಪ್ರಶ್ನೆಗೆ ಉತ್ತರವಾಗಿ ಬಂದು ನಿಲ್ಲುತ್ತದೆ. ಕೊನೆಗೆ ಅಲ್ಲಮ ಒಪ್ಪಿ, ಶ್ರೀಶೈಲದ ಕದಳಿಗೆ ಅವಳನ್ನು ಬೀಳ್ಕೊಡುತ್ತಾನೆ. ಹರಿಹರನ ರಗಳೆಯಲ್ಲಿ ಈ ಮುಖಾಮುಖಿ ಇಲ್ಲ. ಬಿಡಿಯಾಗಿ ಓದಿದರೆ ಅದೇ ವಚನಗಳಲ್ಲಿ ಹಲವು ತಾಯಿಗೋ, ಗೆಳತಿಗೋ, ಚೆನ್ನಮಲ್ಲಿಕಾರ್ಜುನನಿಗೋ ಹೇಳಿದ ಮಾತುಗಳಂತೆ ಕೇಳುತ್ತವೆ. ಶಾಲೆಯ ಪಠ್ಯ, ರಂಗಭೂಮಿ, ಹರಿಕಥೆಗಳಲ್ಲೆಲ್ಲ ನೆಲೆಯಾಗಿರುವ ‘ಅಕ್ಕನ ಪರೀಕ್ಷೆ’ ಸಂಕಲನಕಾರರ ರಚನಾಕೌಶಲದ ಕಾಣಿಕೆ.

ಅಚ್ಚಿನ ಕಾಲ: ಹಳಕಟ್ಟಿ

ಕೆಲವು ವಚನಗ್ರಂಥಗಳು 19ನೆಯ ಶತಮಾನದ ಕೊನೆಯಲ್ಲೇ ಬಿಡಿಯಾಗಿ ಅಚ್ಚಾಗಿದ್ದವು. ವಚನವನ್ನು ಒಂದು ಸಾಹಿತ್ಯವಾಗಿ ಕನ್ನಡ ಓದುಗರ ಮುಂದಿಟ್ಟವರು ವಿಜಯಪುರದ ವಕೀಲ ಫ. ಗು. ಹಳಕಟ್ಟಿ (1880–1964). ಮಠಗಳಲ್ಲಿ, ಮನೆಗಳ ಜಗುಲಿಯ ಮೇಲೆ ಪೂಜೆಗೆ ಇಟ್ಟ ಓಲೆಕಟ್ಟುಗಳನ್ನು ಕೇಳಿ ತಂದು ನಕಲು ಮಾಡಿಸಿದರು. ‘ವಚನಶಾಸ್ತ್ರಸಾರ’ದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಅಚ್ಚುಹಾಕದೆ ಹಿಂದಿರುಗಿಸಿತೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಅದರ ಮೊದಲ ಭಾಗ 1923ರಲ್ಲಿ ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ ಅಚ್ಚಾಯಿತು. ಎರಡು ವರ್ಷದಲ್ಲಿ ಹಳಕಟ್ಟಿಯವರು ವಿಜಯಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ವಚನಗಳ ಪ್ರಕಟಣೆಗಾಗಿ ಸ್ವಂತ ಮನೆ ಮಾರಿದರೆಂಬುದು ಪ್ರಸಿದ್ಧ. ಐವತ್ತರ ಆಸುಪಾಸಿನಲ್ಲಿದ್ದ ಪರಿಚಿತ ವಚನಕಾರರ ಸಂಖ್ಯೆ ಅವರ ದುಡಿಮೆಯಿಂದ 250ರ ಹತ್ತಿರ ಬಂತೆಂದು ಲೆಕ್ಕ.

ಹಳಕಟ್ಟಿಯವರು ಶೂನ್ಯಸಂಪಾದನೆಯನ್ನೂ ಅಚ್ಚಿಗೆ ತಂದರು. ಅದು ನಾಲ್ಕರಲ್ಲಿ ಕೊನೆಯದಾದ ಗೂಳೂರು ಸಿದ್ಧವೀರಣಾರ್ಯನ ಪಾಠ. ಮುಂದೆ ಎಸ್. ಎಸ್. ಭೂಸನೂರಮಠರು ಸಂಪಾದಿಸಿದ್ದೂ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1965ರಿಂದ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದದ್ದೂ ಅದನ್ನೇ. ಮಹದೇವಯ್ಯನ ಮೊದಲ ಸಂಪಾದನೆ ಆರ್. ಸಿ. ಹಿರೇಮಠರ ಕೈಯಲ್ಲಿ ಶಾಸ್ತ್ರೀಯವಾಗಿ ಹೊರಬಂದದ್ದು ತಡವಾಗಿ. ಮೊದಲು ಹುಟ್ಟಿದ ಕೃತಿ ಓದುಗರಿಗೆ ಕಡೆಯಲ್ಲಿ ಸಿಕ್ಕಿದ್ದರಿಂದ ಅಲ್ಲಮನ ಬಗೆಗಿನ ಆಧುನಿಕ ವಿಮರ್ಶೆಯ ಬಹುಭಾಗ ಕೊನೆಯ ಪಾಠದ ಮೇಲೆ ನಿಂತಿದೆ.

ಬಿಡಿ ವಚನದತ್ತ: ಎಲ್. ಬಸವರಾಜು

ಎರಡನೆಯ ತಿರುವು 1960ರಲ್ಲಿ. ಮೈಸೂರಿನ ಎಲ್. ಬಸವರಾಜು ಆ ವರ್ಷ ‘ಅಲ್ಲಮನ ವಚನ ಚಂದ್ರಿಕೆ’ಯನ್ನೂ 1966ರಲ್ಲಿ ‘ಅಕ್ಕನ ವಚನಗಳು’ ಸಂಕಲನವನ್ನೂ ಹೊರತಂದರು. ಹಲವು ಹಸ್ತಪ್ರತಿಗಳನ್ನು ಹೋಲಿಸಿ ಪಾಠ ನಿರ್ಣಯಿಸಿ, ವಚನಗಳನ್ನು ಸಂವಾದದ ಕಥೆಯಿಂದ ಬಿಡಿಸಿ ಸಂಖ್ಯೆ ಕೊಟ್ಟು ನಿಲ್ಲಿಸಿದರು. ಇದರಿಂದ ಅಲ್ಲಮ ಒಂದು ಸಭೆಯ ಅಧ್ಯಕ್ಷನಾಗಿ ಉಳಿಯದೆ ಸ್ವತಂತ್ರ ಕವಿಯಾಗಿ ನವ್ಯರ ಕಾಲದ ಓದುಗರಿಗೆ ದಕ್ಕಿದ. ಎ. ಕೆ. ರಾಮಾನುಜನ್ 1973ರ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ಅಲ್ಲಮ, ಅಕ್ಕ ಇಬ್ಬರಿಗೂ ಆಧಾರವಾಗಿ ಇಟ್ಟುಕೊಂಡದ್ದು ಬಸವರಾಜು ಅವರ ಈ ಎರಡು ಪುಸ್ತಕಗಳನ್ನೇ. ಅನುವಾದಗಳಿಗೆ ಕೊಟ್ಟಿರುವ ಸಂಖ್ಯೆ ಇವುಗಳ ಸಂಖ್ಯೆ. ಹೊರಜಗತ್ತು ಓದಿದ ಅಕ್ಕ, ಅಲ್ಲಮರಿಗೆ ಮೈಸೂರಿನ ಈ ಪಾಠವೇ ಮೂಲ. 1923ನ್ನು ಮಾತ್ರ ಮೈಲಿಗಲ್ಲೆಂದು ಎಣಿಸುವ ಬರಹಗಳು 1960ಕ್ಕೆ ಕೊಡಬೇಕಾದ ತೂಕ ಕೊಟ್ಟಿಲ್ಲ.

ಸಮಗ್ರ ಸಂಪುಟ ಮತ್ತು ಸಂಖ್ಯೆಯ ಗೊಂದಲ

ಕರ್ನಾಟಕ ಸರ್ಕಾರ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ‘ಸಮಗ್ರ ವಚನ ಸಂಪುಟ’ವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಸುಮಾರು 21 ಸಾವಿರ ವಚನಗಳು ಅದರಲ್ಲಿವೆ. ಕೊನೆಯ ಸಂಪುಟ ಪಾರಿಭಾಷಿಕ ಪದಕೋಶ. ಎರಡನೆಯ ಸಂಪುಟ ಅಲ್ಲಮನದು, ಸಂಪಾದಕರು ಬಿ. ವಿ. ಮಲ್ಲಾಪುರ. ಅಕ್ಕನ ವಚನಗಳು ಇತರ ಶರಣೆಯರ ವಚನಗಳ ಜತೆಗೆ ಐದನೆಯ ಸಂಪುಟದಲ್ಲಿವೆ, ಸಂಪಾದಕರು ವೀರಣ್ಣ ರಾಜೂರ. 2001ರಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ಮರುಮುದ್ರಿಸಿತು. ಅಗ್ಗದ ಬೆಲೆಯ ಈ ಸಂಪುಟಗಳು ಊರೂರಿನ ಗ್ರಂಥಾಲಯ ಸೇರಿದವು.

ಈ ಆವೃತ್ತಿಯಲ್ಲಿ ಅಲ್ಲಮನ ವಚನಗಳು 1,600ಕ್ಕೂ ಹೆಚ್ಚು, ಅಕ್ಕನವು 430ಕ್ಕೂ ಹೆಚ್ಚು. ಅಲ್ಲಮನ ವಚನಗಳು 1,300ರ ಆಸುಪಾಸು ಎನ್ನುವ ಗ್ರಂಥಗಳೂ ಬಳಕೆಯಲ್ಲಿವೆ. ಎರಡರಲ್ಲಿ ಒಂದು ತಪ್ಪೆಂದು ತೀರ್ಮಾನಿಸಬೇಕಾಗಿಲ್ಲ. ಪಾಠಾಂತರವನ್ನು ಬೇರೆ ವಚನವೆಂದು ಎಣಿಸಬೇಕೇ, ಶೂನ್ಯಸಂಪಾದನೆಯಲ್ಲಿ ಮಾತ್ರ ಸಿಗುವ ವಚನವನ್ನು ಅಲ್ಲಮನದೆಂದು ಒಪ್ಪಬೇಕೇ, ಅನುಮಾನದ ವಚನಗಳನ್ನು ಒಳಗಿಡಬೇಕೇ ಎಂಬ ಪ್ರಶ್ನೆಗಳಿಗೆ ಸಂಪಾದಕರು ಕೊಡುವ ಉತ್ತರದಂತೆ ಲೆಕ್ಕ ಏರುತ್ತದೆ, ಇಳಿಯುತ್ತದೆ. ಷೇಕ್ಸ್‌ಪಿಯರನ ನಾಟಕಗಳಿಗೂ ಇಂಥ ಜಗಳವಿದೆ. ಅವನು ಸತ್ತ ಏಳು ವರ್ಷಕ್ಕೇ, 1623ರಲ್ಲಿ, ಜತೆಯ ನಟರು ಸಂಪುಟ ಮಾಡಿದ್ದರೂ ಪಾಠದ ಚರ್ಚೆ ನಿಂತಿಲ್ಲ. ಇಲ್ಲಿ ಅಂತರ ಶತಮಾನಗಳದು.

ಅಂಕಿತ ಎಷ್ಟು ಸೂಕ್ಷ್ಮ ವಿಷಯವೆಂಬುದನ್ನು ಬಸವಣ್ಣನ ವಚನಗಳ ಪ್ರಕರಣ ತೋರಿಸಿತು. ಮಾತೆ ಮಹಾದೇವಿ ತಮ್ಮ ‘ವಚನದೀಪ್ತಿ’ಯಲ್ಲಿ ಬಸವಣ್ಣನ ಅಂಕಿತವಾದ ಕೂಡಲಸಂಗಮದೇವ ಎಂಬಲ್ಲಿ ಲಿಂಗದೇವ ಎಂದು ಹಾಕಿದಾಗ ರಾಜ್ಯ ಸರ್ಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಸುಪ್ರೀಂ ಕೋರ್ಟ್ 2017ರಲ್ಲಿ ಅದನ್ನು ಎತ್ತಿಹಿಡಿಯಿತು.

ಈಚಿನ ಬೆಳವಣಿಗೆ

ಡಿ. ಆರ್. ನಾಗರಾಜರು ತೀರಿಕೊಂಡ ಮೇಲೆ 1999ರಲ್ಲಿ ಬಂದ ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ ಅಲ್ಲಮನನ್ನು ಕಾಶ್ಮೀರ ಶೈವದ ಜತೆಗಿಟ್ಟು ಓದಿತು. ಬೆಂಗಳೂರಿನ ಬಸವ ಸಮಿತಿ ಆಯ್ದ 2,500 ವಚನಗಳನ್ನು ಭಾರತದ ಹಲವು ಭಾಷೆಗಳಿಗೆ ಅನುವಾದಿಸಿತು. 2010ರ ದಶಕದಲ್ಲಿ ರೂಪುಗೊಂಡ ‘ವಚನ ಸಂಚಯ’ ಸಮಗ್ರ ಸಂಪುಟಗಳ ವಚನಗಳನ್ನು ಗಣಕದಲ್ಲಿ ಪದವಾರು ಹುಡುಕುವಂತೆ ಮಾಡಿತು. ಒಂದು ಪದವನ್ನು ಅಕ್ಕ ಎಷ್ಟು ಬಾರಿ ಬಳಸಿದ್ದಾಳೆಂದು ತಿಳಿಯಲು ಈಗ ಗಳಿಗೆ ಸಾಕು. ಆದರೆ ಆ ಎಣಿಕೆ ಒಂದು ಆವೃತ್ತಿಯ ಎಣಿಕೆ ಎಂಬುದನ್ನು ಮರೆಯುವ ಅಪಾಯವೂ ಇದರೊಂದಿಗೆ ಬಂದಿದೆ.

ಸಾಮಾಜಿಕ ಮಾಧ್ಯಮಗಳಲ್ಲಿ ಅಲ್ಲಮ, ಅಕ್ಕನ ಹೆಸರು ಹೊತ್ತ ಮಾತುಗಳು ಧಾರಾಳವಾಗಿ ಓಡಾಡುತ್ತಿವೆ. ಕೊನೆಗೆ ಅಂಕಿತವಿದ್ದ ಮಾತ್ರಕ್ಕೆ ಒಂದು ಮಾತು ಅವರದಾಗುವುದಿಲ್ಲ. ವಚನವನ್ನು ಉಲ್ಲೇಖಿಸುವವರು ಆವೃತ್ತಿಯನ್ನೂ ವಚನಸಂಖ್ಯೆಯನ್ನೂ ಹೇಳುವುದು ಅಗತ್ಯ.